ಸಮುದ್ರವೇ ಇಲ್ಲದ ಬೀಚ್ ಫೋಟೋಗಳು

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ನೌಕಾಪಡೆಯವರು ಪ್ಯಾರಾಚೂಟಿನಲ್ಲಿ ಇಳಿಯುವ ತಾಲೀಮಿನ ಫೋಟೋಗಳನ್ನು ನೀವೂ ನೋಡಿರ್ತೀರಿ. ನೀಲಿ ಆಕಾಶ, ಮಧ್ಯದಲ್ಲೊಂದು ಬಣ್ಣದ ಪ್ಯಾರಾಚೂಟ್, ಕಾಲಿನಿಂದ ಹೊರಡುವ ಹೊಗೆ. ಶಾರ್ಪ್ ಅಂದ್ರೆ ಶಾರ್ಪ್, ಹೆಲ್ಮೆಟ್ಟಿನ ಪಟ್ಟಿ ಕೂಡ ಕಾಣುತ್ತೆ. ಆದರೂ ನನಗೊಂದು ತಕರಾರಿದೆ. ಇವುಗಳಲ್ಲಿ ಸಮುದ್ರವೇ ಇಲ್ಲ. ಯಾವುದೋ ಬಯಲುಸೀಮೆಯಲ್ಲಿ ತೆಗೆದದ್ದು ಅಂದರೂ ನಂಬಬೇಕು.

ದೂರದಲ್ಲಿರುವವನನ್ನು ಹತ್ತಿರ ಎಳೆಯೋಕೆ 600 ಎಂಎಂ ಲೆನ್ಸು ಬೇಕು, ಒಪ್ಪಿದೆ. ಆದರೆ ಎಳೆದಷ್ಟೂ ಅವನು ಎಷ್ಟು ಎತ್ತರದಲ್ಲಿದ್ದಾನೆ, ಗಾಳಿ ಯಾವ ಕಡೆ ತಳ್ಳುತ್ತಿದೆ, ಇಳಿಯೋ ಜಾಗ ಎಷ್ಟು ಕಿರಿದು ಅನ್ನೋದೆಲ್ಲ ಫ್ರೇಮಿನಿಂದ ಆಚೆ ಹೋಗಿಬಿಡುತ್ತೆ. ಅವನ ಕೆಲಸ ಇರುವುದೇ ಅದರಲ್ಲಿ ತಾನೆ? ಒಂದು ಕಡೆ ನೀರು, ಇನ್ನೊಂದು ಕಡೆ ರಸ್ತೆ, ಕಟ್ಟಡ, ಜನ. ನಡುವೆ ಮರಳಿನ ಒಂದು ಪಟ್ಟಿ. ನೆಲ ಮುಟ್ಟುವಾಗ ಗಾಳಿಗೆ ಮುಖ ಮಾಡಿರಬೇಕು. ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ಬೀಸುತ್ತಿದ್ದರೆ ರಸ್ತೆ ಬದಿಯಲ್ಲಿ ನಿಂತವರಿಗೆ ಕಾಣೋದು ಅವನ ಬೆನ್ನು. ಆ ಬೆನ್ನಿನ ಫೋಟೋ ಯಾರೂ ಹಾಕಲ್ಲ. ನನಗಂತೂ ಅದೇ ಬೇಕು: ಬೆನ್ನು, ಅದರಾಚೆ ಇಡೀ ಬಂಗಾಳ ಕೊಲ್ಲಿ.

2025ರ ಜನವರಿ 2ರಂದು ಇದೇ ಬೀಚಿನಲ್ಲಿ, ಪ್ರದರ್ಶನಕ್ಕೆ ಎರಡು ದಿನ ಮುಂಚಿನ ರಿಹರ್ಸಲ್‌ನಲ್ಲಿ, ಇಬ್ಬರು ಅಧಿಕಾರಿಗಳ ಪ್ಯಾರಾಚೂಟುಗಳು ಮೇಲೆಯೇ ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಇಬ್ಬರೂ ದಡದ ಹತ್ತಿರ ನೀರಿಗೆ ಬಿದ್ದರು. ನೌಕಾಪಡೆಯ ಬೋಟು ಎತ್ತಿಕೊಂಡಿತು, ಪುಣ್ಯಕ್ಕೆ ಉಳಿದುಕೊಂಡರು. ಆಗ ದೇಶಪೂರ್ತಿ ಓಡಾಡಿದ ವಿಡಿಯೋ ಫೋಟೋಗ್ರಫಿ ಲೆಕ್ಕದಲ್ಲಿ ಏನೇನೂ ಅಲ್ಲ. ಯಾವ ಕ್ಯಾಮೆರಾ ಕ್ಲಬ್ಬೂ ಬಹುಮಾನ ಕೊಡಲ್ಲ. ಆದರೆ ಅದರಲ್ಲಿ ಎತ್ತರ ಇದೆ, ನೀರಿದೆ, ತಿರುಗುತ್ತಾ ಕೆಳಗೆ ಬರುವ ವೇಗ ಇದೆ. ಅಷ್ಟು ವರ್ಷದ ಶಾರ್ಪ್ ಫೋಟೋಗಳು ಈ ಕೆಲಸ ಎಷ್ಟು ಅಪಾಯದ್ದು ಅಂತ ಒಮ್ಮೆಯೂ ಹೇಳಿರಲಿಲ್ಲ. ಎಲ್ಲರೂ ತೇಲಿಕೊಂಡು ಆರಾಮಾಗಿ ಬರ್ತಾರೆ ಅನ್ನಿಸುವ ಹಾಗೇ ತೋರಿಸಿದ್ದವು.

ಹಾಗಂತ ಅಪಘಾತಕ್ಕೆ ಕಾದು ಕೂರಿ ಅಂತಲ್ಲ. ಅವರೆಲ್ಲ ಸುಖವಾಗಿ ಇಳಿಯೋ ದಿನವೇ ಲೆನ್ಸನ್ನು 100ಕ್ಕೆ ತನ್ನಿ. ಕೆಳಗೆ ಕಾಯ್ತಿರೋ ರಕ್ಷಣಾ ಬೋಟು ಫ್ರೇಮಿನೊಳಗೆ ಬರಲಿ. ಮನುಷ್ಯ ಸಾಸಿವೆಕಾಳಿನಷ್ಟು ಕಾಣ್ತಾನೆ, ಲೈಕು ಕಡಿಮೆ ಬೀಳುತ್ತೆ, ಬೀಳಲಿ. ಹೊಗೆಯ ಬಾಲವನ್ನೂ ಕ್ರಾಪ್ ಮಾಡಬೇಡಿ. ಗಾಳಿ ಎತ್ತ ಬೀಸ್ತಿತ್ತು ಅಂತ ಫೋಟೋ ನೋಡೋರಿಗೆ ಗೊತ್ತಾಗೋದು ಅದರಿಂದಲೇ.