ಓಮದ ಘಮದ ಹುಲ್ಲುಗಾವಲ ಹೂವು

ಎಲೆಯೊಂದನ್ನು ಚಿವುಟಿ, ಹೊಸಕಿ ಮೂಸಿದರೆ ಮೊದಲು ಅಜ್ಜಿಯ ಓಮದ ಡಬ್ಬಿ, ಆಮೇಲೆ ಹಿತ್ತಲ ದೊಡ್ಡಪತ್ರೆ ನೆನಪಾಗುತ್ತವೆ. ಊರಿನ ಹಂಬಲ ಹುಟ್ಟಿಸಿದ ಭ್ರಮೆಯಲ್ಲ ಇದು. ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್ ಎರಡೂ ಮೊನಾರ್ಡ ಫಿಸ್ಟುಲೋಸಾ ಎಂಬ ಈ ಗಿಡದ ಎಣ್ಣೆಯಲ್ಲಿವೆ. ತುಳಸಿ, ತುಂಬೆಗಳ ಕುಟುಂಬವೇ ಇದರದ್ದೂ. ಕಾಂಡ ಸವರಿದರೆ ಅದೇ ಚೌಕ ಬೆರಳಿಗೆ ಸಿಗುತ್ತದೆ. ಅಮೆರಿಕದವರು ಇದನ್ನು ಕಾಡು ಬರ್ಗಮಾಟ್ ಎನ್ನುತ್ತಾರೆ. ಅರ್ಲ್ ಗ್ರೇ ಚಹಾದ ಬರ್ಗಮಾಟ್ ಬೇರೆ, ಅದು ಕಿತ್ತಳೆಯ ಜಾತಿ.

ಅಮೆರಿಕದಲ್ಲಿ ನಾನಿರುವ ಇಲಿನಾಯ್‌ಗೆ ‘ಪ್ರೇರಿ ರಾಜ್ಯ’, ಅಂದರೆ ಹುಲ್ಲುಗಾವಲ ರಾಜ್ಯ, ಎಂಬ ಬಿರುದು. ಈಗ ಬಿರುದಷ್ಟೇ. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಇಲ್ಲಿಯ ಗ್ರ್ಯಾಂಡ್ ಡಿಟೂರ್‌ನಲ್ಲಿ, ಅಂಟುಮಣ್ಣು ಮೆತ್ತಿಕೊಳ್ಳದ ಉಕ್ಕಿನ ನೇಗಿಲು ಮಾಡಿದ. ಈ ಗಿಡದ ತವರಾದ ಆಳೆತ್ತರದ ಹುಲ್ಲುಗಾವಲು ಮೆಕ್ಕೆಜೋಳ, ಸೋಯಾದ ಹೊಲವಾಯಿತು. ಎರಡು ಕೋಟಿ ಎಕರೆಗೂ ಮಿಕ್ಕಿ ಇದ್ದದ್ದರಲ್ಲಿ ಕೆಡದೆ ಉಳಿದದ್ದು ಸುಮಾರು ಎರಡೂವರೆ ಸಾವಿರ ಎಕರೆ. ಅದೂ ಹಳೆಯ ಸ್ಮಶಾನದ ಮೂಲೆ, ರೈಲುಹಳಿಯ ಮಗ್ಗುಲಲ್ಲಿ ಚೂರುಚೂರಾಗಿ.

ಬೆಳೆಸುವುದು ಸುಲಭ, ಅವಸರಪಡದಿದ್ದರೆ. ಬೀಜ ಗಸಗಸೆಯಷ್ಟು. ನವೆಂಬರಿನಲ್ಲಿ ನೆಲ ಹೆಪ್ಪುಗಟ್ಟುವ ಮುಂಚೆ ಬಿಸಿಲು ಬೀಳುವೆಡೆ ಚೆಲ್ಲಿ, ಅಂಗೈಯಿಂದ ಒತ್ತಿಬಿಟ್ಟರೆ ಸಾಕು. ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಮೊದಲ ವರ್ಷ ಬರೀ ಎಲೆ. ಎರಡನೆಯ ಜುಲೈಗೆ ತಲೆಗೂದಲು ಕೆದರಿಕೊಂಡ ಮಕ್ಕಳಂತೆ ತಿಳಿನೇರಳೆ ಹೂಗಳು. ನಾನು ಅತಿಮುದ್ದಿನಿಂದ ಗೊಬ್ಬರ ಕೊಟ್ಟ ವರ್ಷ ಗಿಡಗಳೆಲ್ಲ ಸೊಕ್ಕಿ ಒರಗಿದವು. ಆಗಸ್ಟಿನಲ್ಲಿ ಎಲೆಗೆ ಬೂದಿರೋಗ ಬರುತ್ತದೆ, ಬರಲಿ. ಔಷಧಿ ಹೊಡೆದರೆ ಹೂವಿಗೆ ಬರುವವರ ಗತಿ? ಮುಂದಿನಂಗಳದಲ್ಲಿ ಬೆಳೆಸಿದ್ದಕ್ಕೆ ‘ಕಳೆ ತೆಗೆಯಿರಿ’ ಎಂದು ಕಚೇರಿಯೊಂದರಿಂದ ನನಗೆ ನೋಟಿಸೂ ಬಂದಿತ್ತು. ಹೂ ಬಿಟ್ಟ ಮೇಲೆ ಯಾರೂ ಮಾತಾಡಲಿಲ್ಲ.

ನೋಡಬೇಕಾದದ್ದು ಬೆಳಗ್ಗೆ, ಕಾಫಿ ಲೋಟ ಹಿಡಿದು. ಹೂವಿನ ಕೊಳವೆ ಉದ್ದ, ಮಕರಂದ ತಳದಲ್ಲಿ. ಉದ್ದ ನಾಲಿಗೆಯ ದಪ್ಪ ದುಂಬಿಗಳಿಗೆ, ಹಮ್ಮಿಂಗ್ ಹಕ್ಕಿಗೆ, ಆ ಹಕ್ಕಿಯ ವೇಷ ಹಾಕಿದಂತಿರುವ ಗಾಜುರೆಕ್ಕೆಯ ಪತಂಗಕ್ಕೆ ಅದು ಎಟಕುತ್ತದೆ. ಎಟಕದ ಕಣಜಗಳು ಕೊಳವೆಯ ಬುಡಕ್ಕೇ ಕನ್ನ ಕೊರೆಯುತ್ತವೆ! ಡುಫೋರಿಯಾ ಮೊನಾರ್ಡೇ ಎಂಬ ಪುಟ್ಟ ಕರಿಜೇನೊಂದಿದೆ. ಮರಿಗಳಿಗೆ ಮೊನಾರ್ಡದ ಪರಾಗವನ್ನು ಬಿಟ್ಟು ಬೇರೇನೂ ಒಯ್ಯದು. ಮೂರು ಬೇಸಿಗೆ ಕಾದಿದ್ದೇನೆ, ನನ್ನಂಗಳಕ್ಕೆ ಇನ್ನೂ ಬಂದಿಲ್ಲ.

ಗಿಡಕ್ಕೆ ಯಾರ ಹೆಸರಿಟ್ಟರೋ ಆ ನಿಕೊಲಾಸ್ ಮೊನಾರ್ಡೆಸ್ 16ನೇ ಶತಮಾನದ ಸ್ಪೇನಿನ ವೈದ್ಯ. ಸೆವಿಲ್ಲಾದಲ್ಲೇ ಕೂತು, ಹಡಗಿನಲ್ಲಿ ಬಂದ ಅಮೆರಿಕದ ಮೂಲಿಕೆಗಳ ಬಗ್ಗೆ ಬರೆದ. ಸಮುದ್ರ ದಾಟಲೇ ಇಲ್ಲ. ನಿಜಕ್ಕೂ ಇದನ್ನು ಬಲ್ಲವರು ಇಲ್ಲಿಯ ಮೂಲನಿವಾಸಿಗಳಾದ ಮೆನೊಮಿನಿ, ಮೆಸ್ಕ್ವಾಕಿ, ಒಜಿಬ್ವೆ ಜನ. ನೆಗಡಿ, ಕಟ್ಟಿದ ಮೂಗಿಗೆ ಇದೇ ಅವರ ಮದ್ದು. ಹೋ-ಚಂಕರು ಬೆವರು ಬರಿಸುವ ಹಬೆಸ್ನಾನಕ್ಕೆ ಬಳಸುತ್ತಿದ್ದರು. ಓಮ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಿಸುತ್ತಿದ್ದ ಅಜ್ಜಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ತಂಬುಳಿಯನ್ನೂ ಮಾಡಿ ನೋಡಿದೆ. ತುಸು ಕಹಿ, ತುಸು ಖಾರ. ಎಲೆ ಎರಡೇ ಸಾಕು, ನಾಲ್ಕು ಹಾಕಿದರೆ ಮಜ್ಜಿಗೆ ಸೋತಿತು.

ನರ್ಸರಿಯವರು ತೋರಿಸುವ ಕೆಂಪು ಮೊನಾರ್ಡ ಇದರ ಅಕ್ಕ, ಪೂರ್ವದ ತೇವದ ಕಾಡಿನವಳು. ಚೆಲುವೆ ಹೌದು, ಬಾಯಾರಿಕೆ ಜಾಸ್ತಿ. ಒಣ ಅಂಗಳಕ್ಕೆ ತಂಗಿಯೇ ಸರಿ.

ಊರಿನಿಂದ ಬೀಜ ಕೇಳುವ ಗೆಳೆಯರೇ, ಕಳಿಸುವುದಿಲ್ಲ. ನಿಮ್ಮ ಬೇಲಿಯಂಚಿನ ತುಂಬೆಗೂ ಜೇನು ಮುತ್ತುತ್ತದೆ. ಈ ಸಲ ಕಳೆ ಕೀಳುವಾಗ ಅದೊಂದನ್ನು ಬಿಟ್ಟುಬಿಡಿ.