‘ದೇವರು’ ಕೃತಿಯೂ ನಮ್ಮ ಸಾಕ್ಷಿಯೂ

ಎ. ಎನ್. ಮೂರ್ತಿರಾಯರ ‘ದೇವರು’ (1991) ಕೃತಿಯನ್ನು ನಾಸ್ತಿಕವಾದದ ಹೇರಿಕೆಯೆಂದು ತಳ್ಳಿಹಾಕುವವರು ನಮ್ಮಲ್ಲಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ತೊಂಬತ್ತರ ವಯಸ್ಸಿನ ಲೇಖಕರು ತಮ್ಮ ಸಂದೇಹಗಳನ್ನು ಸೌಮ್ಯವಾಗಿ ಓದುಗನ ಮುಂದಿಡುತ್ತಾರೆ. ಒಪ್ಪದವನು ಪುಸ್ತಕವನ್ನು ಮುಚ್ಚಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಲೋಕದ ದುಃಖವನ್ನು ದೇವರ ವಿರುದ್ಧದ ಸಾಕ್ಷ್ಯವಾಗಿಸುವ ಈ ಕೃತಿ, ಶಿಲುಬೆಯಲ್ಲಿ ನೊಂದ ದೇವರನ್ನು ಸಾಕಷ್ಟು ಎದುರಿಸುವುದಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಅದೇ ಅಳತೆಗೋಲಿಗೆ ನಾವೂ ಒಳಪಡಬೇಕು. ಬಾಸೆಲ್ ಮಿಶನ್ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಕಾಲಕ್ರಮದಲ್ಲಿ ಸುವಾರ್ತೆಯ ಜೊತೆಗೆ ಶಾಲೆಯೂ ಔಷಧವೂ ಈ ಸೀಮೆಗೆ ಬಂದವು. ಆ ಸೇವೆ ಪ್ರೀತಿಯ ಫಲವೇ. ಆದರೂ ಹಾಸಿಗೆಯಲ್ಲಿರುವ ರೋಗಿ ನಮ್ಮ ಪ್ರಾರ್ಥನೆಯನ್ನು ನಿರ್ಭಯವಾಗಿ ‘ಒಲ್ಲೆ’ ಎನ್ನಬಲ್ಲನೇ? ಹೇರಿಕೆಯ ಪರೀಕ್ಷೆ ಇದೇ. ನಿರೀಕ್ಷೆಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುವ 1 ಪೇತ್ರ 3:15 ಸಾತ್ವಿಕತ್ವವನ್ನೂ ಬೇಡುತ್ತದೆ. ಮೂರ್ತಿರಾಯರ ಓದುಗನಿಗಿರುವ ಸ್ವಾತಂತ್ರ್ಯ ನಮ್ಮ ರೋಗಿಗೂ ಇರಬೇಕು.