ಜಾಲತಾಣದ ಜೀರ್ಣೋದ್ಧಾರ ಮತ್ತು ವಚನಪಾಠ

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ ತಾಳೆಯೋಲೆಯ ವಚನವು ಅಚ್ಚಿನ ಮನೆಯನ್ನು ಹೊಕ್ಕಿತು. ಎಪ್ಪತ್ತು ವರ್ಷಗಳ ತರುವಾಯ, ೧೯೯೩ರಲ್ಲಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 'ಸಮಗ್ರ ವಚನ ಸಂಪುಟ'ಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು. ಸರ್ಕಾರದ ಆಶ್ರಯದಲ್ಲಿ ನಡೆದ ಸಂಶೋಧನ ಕಾರ್ಯಗಳಲ್ಲಿ ಇದರಷ್ಟು ಬಳಕೆಗೆ ಬಂದುದು ವಿರಳ. ಇದೀಗ ವಚನವು ಮೂರನೆಯ ನೆಲೆಯನ್ನು ಸೇರಿದೆ. ಅದು ಗಣಕಯಂತ್ರದ ಜಾಲತಾಣ. ಓಲೆಯಿಂದ ಅಚ್ಚಿಗೆ ಬರುವಾಗ ವಿದ್ವಾಂಸರು ಪಟ್ಟ ಪರಿಶ್ರಮದಲ್ಲಿ ಕಾಲಂಶವನ್ನಾದರೂ ಅಚ್ಚಿನಿಂದ ಜಾಲಕ್ಕೆ ಬರುವಾಗ ಪಡಲಾಗಿದೆಯೇ ಎಂಬುದು ವಿಚಾರಣೀಯ.

ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ೨೦೦೯ರಲ್ಲಿ 'ಕಣಜ'ವೆಂಬ ಜಾಲತಾಣ ತೆರೆಯಿತು. ಮೊದಲು ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ನಡೆಸುತ್ತಿದ್ದ ಇದು ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕೈಸೇರಿ, ಸರ್ಕಾರದ ವಿಳಾಸದಡಿ ನೆಲೆಗೊಂಡಿತು. ೨೦೧೩ರ ಹೊತ್ತಿಗೆ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಓ. ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ, ಸ್ವಯಂಸೇವೆಯಿಂದಲೇ, 'ವಚನ ಸಂಚಯ'ವನ್ನು ರೂಪಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದವನ್ನು ಕ್ಷಣಮಾತ್ರದಲ್ಲಿ ತೋರಿಸುವ ಈ ಸಾಧನದ ಉಪಕಾರವನ್ನು ಮರೆಯುವಂತಿಲ್ಲ. ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ಕುಳಿತ ವಿದ್ಯಾರ್ಥಿಗೆ ಹದಿನೈದು ಸಂಪುಟಗಳನ್ನು ಕೊಳ್ಳುವ ಶಕ್ತಿ ಇರಲಾರದು. ಅಂಗೈಯ ದೂರವಾಣಿಯಂತೂ ಇದೆ. ಜಾಲತಾಣವೇ ಜಂಗಮವೆಂದು ಸಭೆಗಳಲ್ಲಿ ಹೊಗಳುವುದು ಈಚೆಗೆ ರೂಢಿಯಾಗಿದೆ. ಆ ಮಾತು ಚಪ್ಪಾಳೆಗೆ ಸಾಕು, ಪಾಠಶುದ್ಧಿಗೆ ಸಾಲದು.

ಗದಗು ಸೀಮೆಯ ವಚನಕಾರರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಆದಯ್ಯನು ಹರಿಹರನ ರಗಳೆಗೂ ರಾಘವಾಂಕನ 'ಸೋಮನಾಥ ಚಾರಿತ್ರ'ಕ್ಕೂ ನಾಯಕನಾದ ಶರಣ. ಅವನ ವಚನಗಳ ಅಂಕಿತ 'ಸೌರಾಷ್ಟ್ರ ಸೋಮೇಶ್ವರ'. ಯಂತ್ರಕ್ಕೆ ಅಂಕಿತವೆಂಬುದು ಅಕ್ಷರಗಳ ಸಾಲೇ ಹೊರತು ಮುದ್ರೆಯಲ್ಲ. ಎರಡು ಪದಗಳು ಕೂಡಿ ಬಂದರೆ ಒಂದು ಲೆಕ್ಕ, ಬಿಡಿಯಾಗಿ ಬಂದರೆ ಮತ್ತೊಂದು; ಸಂಬೋಧನೆಯಲ್ಲಿ ಕೊನೆಯ ಸ್ವರ ದೀರ್ಘವಾದರೆ ಮೂರನೆಯದು. ಹೀಗೆ ಹರಿದು ಹಂಚಿಹೋದ ಸಂಖ್ಯೆಗಳನ್ನು ನಂಬಿ, ಒಬ್ಬ ವಚನಕಾರನು ಯಾವ ಪದವನ್ನು ಎಷ್ಟು ಬಾರಿ ಬಳಸಿದನೆಂದು ನಿಬಂಧ ಬರೆದರೆ ಅದರ ಬುನಾದಿಯೇ ಸಡಿಲ. ಲಕ್ಕುಂಡಿಯವರೆಂದು ಪ್ರತೀತಿಯುಳ್ಳ ಅಜಗಣ್ಣ–ಮುಕ್ತಾಯಕ್ಕರ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಮುಕ್ತಾಯಕ್ಕನಿಗೆ ಅಣ್ಣನ ಹೆಸರೇ ಅಂಕಿತ. ಅಣ್ಣನ ಅಂಕಿತವಾದರೋ 'ಮಹಾಘನ ಸೋಮೇಶ್ವರ'. ಅಜಗಣ್ಣನನ್ನು ಹುಡುಕುವ ವಿದ್ಯಾರ್ಥಿಗೆ ಯಂತ್ರವು ತಂಗಿಯ ವಚನಗಳನ್ನು ಮುಂದಿಡುತ್ತದೆ. ಅಗಲಿದ ಅಣ್ಣನನ್ನು ಕುರಿತ ಅವಳ ಅಳಲಿನಲ್ಲಿ ಆ ಹೆಸರು ಎಲ್ಲಿ ಕರೆಯಾಗಿದೆ, ಎಲ್ಲಿ ಮುದ್ರೆಯಾಗಿದೆ ಎಂಬುದನ್ನು ಬಿಡಿಸುವವನು ಓದುಗನೇ.

ಇನ್ನು ಅಕ್ಷರದ ಮಾತು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಬೆರಳಚ್ಚೆಲ್ಲ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ನಡೆಯಿತು. ಅಲ್ಲಿ ಅಕ್ಷರವನ್ನು ಉಚ್ಚಾರದ ಕ್ರಮದಲ್ಲಿ ಅಲ್ಲ, ಕಣ್ಣಿಗೆ ಕಾಣುವ ತುಂಡುಗಳ ಕ್ರಮದಲ್ಲಿ ಇಡುತ್ತಿದ್ದರು. ಅರ್ಕಾವೊತ್ತು ಕಣ್ಣಿಗೆ ಅಕ್ಷರದ ಅನಂತರ ಕಾಣುವುದು, ನಾಲಗೆಗೆ ಮೊದಲು ಬರುವುದು. ಪರಿವರ್ತನೆಯಲ್ಲಿ ಅದನ್ನು ಹಿಂದಕ್ಕೆ ಸರಿಸದಿದ್ದರೆ 'ಧರ್ಮ'ವು 'ಧಮರ್' ಆಗುತ್ತದೆ, 'ಕರ್ಮ'ವು 'ಕಮರ್' ಆಗುತ್ತದೆ. ಇಂಥ ರೂಪಗಳು ಕನ್ನಡದ ಜಾಲಪುಟಗಳಲ್ಲಿ ಅಪರೂಪವಲ್ಲ. ಓದುಗನು ಮನಸ್ಸಿನಲ್ಲೇ ತಿದ್ದಿಕೊಂಡಾನು. ಹುಡುಕುವ ಯಂತ್ರವು ತಿದ್ದಿಕೊಳ್ಳದು. ಧರ್ಮವನ್ನು ಹುಡುಕಿದವನಿಗೆ ಆ ವಚನ ಸಿಗುವುದೇ ಇಲ್ಲ, ಸಿಗಲಿಲ್ಲವೆಂಬ ಅರಿವೂ ಆಗುವುದಿಲ್ಲ.

'ಕವಿರಾಜಮಾರ್ಗ'ವು ತಿರುಳ್ಗನ್ನಡದ ನೆಲವನ್ನು ಹೇಳುವಾಗ ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅಂಥ ಊರಿನ ಶಾಸನಗಳನ್ನು ಜಾಲಕ್ಕೆ ತರಬೇಕಾದರೆ ಱ, ೞ ಎರಡೂ ಬೇಕು. ಯುನಿಕೋಡಿನಲ್ಲಿ ಎರಡಕ್ಕೂ ಸ್ಥಾನವುಂಟು. ಆದರೆ ೞಕಾರಕ್ಕೆ ಆರಂಭದಲ್ಲಿ ಇಂಗ್ಲಿಷಿನ 'ಎಫ್' ಧ್ವನಿಯ ಹೆಸರನ್ನು ತಪ್ಪಾಗಿ ಇಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ತಿದ್ದುಪಡಿಯೆಂದು ಅದರ ಜೊತೆಗೆ ಸೇರಿಸಿದರು. ನಗೆ ತರಿಸುವ ಪ್ರಸಂಗವಾದರೂ ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಆದರಣೀಯ. ತಪ್ಪೂ ಕಾಣುತ್ತದೆ, ತಿದ್ದಿದುದೂ ಕಾಣುತ್ತದೆ.

ಜಾಲತಾಣಗಳ ಪುನಾರಚನೆಯಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇದೇ. ಹೊಸ ವಿನ್ಯಾಸ, ಹೊಸ ಬಣ್ಣ, ಹೊಸ ವಿಳಾಸ ಬರುತ್ತವೆ. ಹಳೆಯ ವಿಳಾಸವನ್ನು ಅಡಿಟಿಪ್ಪಣಿಯಲ್ಲಿ ನಮೂದಿಸಿದ ಪ್ರಬಂಧಗಳಿಗೆ ದಾರಿ ಮುಚ್ಚುತ್ತದೆ. ಯಾರೋ ಒಂದು ಪದವನ್ನು ತಿದ್ದಿರುತ್ತಾರೆ. ತಿದ್ದಿದವರಾರು, ಯಾವ ಆಧಾರದಿಂದ, ಯಾವ ದಿನ ಎಂಬುದಿಲ್ಲ. ಅಚ್ಚಿನ ಪುಸ್ತಕದ ತಪ್ಪಾದರೂ ಸ್ಥಿರವಾದುದು, ಒಪ್ಪೋಲೆಯಲ್ಲಿ ಹಿಡಿಯಬಹುದು. ನಿನ್ನೆ ಒಂದು, ಇಂದು ಒಂದು ಆಗಿರುವ ಪಾಠವನ್ನು ಯಾವ ಒಪ್ಪೋಲೆಯೂ ಹಿಡಿಯದು. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಹಳಬರ ಪದ್ಧತಿ ಪರದೆಯ ಮೇಲೆ ಸ್ಥಳಾಭಾವದಿಂದಲ್ಲ, ಅನಾದರದಿಂದ ಬಿಟ್ಟುಹೋಗುತ್ತಿದೆ. ಒಂದು ಬಾರಿ ಕಟ್ಟಲು ಹಣ ಮಂಜೂರಾಗುತ್ತದೆ, ವರ್ಷವರ್ಷವೂ ನೋಡಿಕೊಳ್ಳಲು ಪಂಡಿತನೊಬ್ಬನ ಸಂಬಳ ಮಂಜೂರಾಗುವುದು ಕಷ್ಟ.

ಪ್ರತಿಯೊಂದು ವಚನದ ಕೆಳಗೆ ಸಂಪುಟದ ಸಂಖ್ಯೆ, ಅಚ್ಚಿನಲ್ಲಿರುವ ವಚನದ ಕ್ರಮಸಂಖ್ಯೆ, ಯಾವ ಮುದ್ರಣ, ಕೊನೆಯ ತಿದ್ದುಪಡಿಯ ದಿನಾಂಕ ಇವಿಷ್ಟು ಇರಬೇಕು. ಇದಕ್ಕೆ ದೊಡ್ಡ ವೆಚ್ಚವಿಲ್ಲ. ಗದುಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯಂಥವು ದಶಕಗಳಿಂದ ಶರಣಸಾಹಿತ್ಯದ ಪ್ರಕಟಣೆಯನ್ನು ನಡೆಸಿಕೊಂಡು ಬಂದಿವೆ. ಗದಗು–ಬೆಟಗೇರಿಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಆದಯ್ಯ, ಅಜಗಣ್ಣ, ಮುಕ್ತಾಯಕ್ಕ ಈ ಮೂವರ ಜಾಲಪಾಠವನ್ನು ಅಚ್ಚಿನ ಸಂಪುಟದೊಡನೆ ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸವನ್ನು ಇಂಥ ಕಡೆಯಿಂದಲೇ ಆರಂಭಿಸಬಹುದು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ನೋಡುವುದು. ಓಲೆಗಳನ್ನು ಪ್ರತಿಮಾಡುತ್ತಿದ್ದ ಕಾಲದಲ್ಲಿಯೂ ತಾಳೆ ನೋಡುತ್ತಿದ್ದುದು ಹೀಗೆಯೇ.